ಟವರ್‌ಗೂ ಎಕ್ವಿಪ್‌ಮೆಂಟ್ ರೂಮಿಗೂ ಸೇರಿ ಒಂದು ತರಬೇತಿ: ಮಲೆನಾಡಿನ ಚಿಕ್ಕ ವಿಮಾನ ನಿಲ್ದಾಣಕ್ಕೊಂದು ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದ ಸೊಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆದದ್ದು 2023ರ ಫೆಬ್ರವರಿ 27ರಂದು. ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಅಲ್ಲಿಂದೀಚೆಗೆ ನಮ್ಮ ಕಡೆಯ ಮಕ್ಕಳು ಪೈಲಟ್ ಆಗುವುದು ಹೇಗೆ ಅಂತ ಕೇಳುವುದು ಜಾಸ್ತಿಯಾಗಿದೆ. ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಬಿಡುವ ಕಂಟ್ರೋಲರ್‌ಗಳ ಬಗ್ಗೆ ಕೇಳುವವರು ಕಡಿಮೆ. ಅವರ ರೇಡಿಯೊ ಕೈ ಕೊಡದಂತೆ ನೋಡಿಕೊಳ್ಳುವ ತಂತ್ರಜ್ಞರ ಬಗ್ಗೆಯಂತೂ ಯಾರೂ ಕೇಳುವುದಿಲ್ಲ. ಈ ಬರಹ ಅವರಿಬ್ಬರ ತರಬೇತಿ ಬಗ್ಗೆ. ಮುಖ್ಯವಾಗಿ ಇದು ಇಂಥ ಚಿಕ್ಕ ನಿಲ್ದಾಣದಲ್ಲಿ ತರಬೇತಿ ಯೋಜನೆ ಬರೆಯಬೇಕಾದ ಹಿರಿಯರಿಗೆ. ಕಲಿಯಲು ಹೊರಟವರೂ ಓದಬಹುದು. ತಮ್ಮನ್ನು ಯಾವುದರ ಮೇಲೆ ಅಳೆಯುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದೇ ಅಲ್ವಾ?

ಹಳೆಯ ಪದ್ಧತಿಯಲ್ಲಿ ತರಬೇತಿ ಎಂದರೆ ಲೆಕ್ಕ. ಇಷ್ಟು ವಾರ ಪಾಠ, ಇಷ್ಟು ಗಂಟೆ ಸಿಮ್ಯುಲೇಟರ್, ಇಷ್ಟು ಗಂಟೆ ಟವರ್, ಕೊನೆಗೊಂದು ಪರೀಕ್ಷೆ. ಲೆಕ್ಕ ತುಂಬಿದರೆ ತರಬೇತಿ ಮುಗಿಯಿತು. ಸಾಮರ್ಥ್ಯ ಆಧಾರಿತ ತರಬೇತಿಯ ಪ್ರಶ್ನೆ ಬೇರೆ. ಈ ವ್ಯಕ್ತಿ ಈ ಜಾಗದ ಕೆಲಸವನ್ನು, ಈ ಜಾಗದ ಹವೆಯಲ್ಲಿ, ಯಾರೂ ಹೇಳಿಕೊಡದೆ, ಮತ್ತೆ ಮತ್ತೆ ಸರಿಯಾಗಿ ಮಾಡಿ ತೋರಿಸಿದ್ದಾರಾ? ಅಡಿಕೆ ತೋಟಕ್ಕೆ ಕೊನೆ, ಅಂದರೆ ಗೊನೆ, ತೆಗೆಯಲು ಬಂದವನನ್ನು ನೀನು ಎಷ್ಟು ಗಂಟೆ ಕಲಿತೆ ಅಂತ ನಾವು ಕೇಳುವುದಿಲ್ಲ. ಮರ ಹತ್ತಿ, ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟಿ, ಕೊನೆಯನ್ನು ಹಗ್ಗದಲ್ಲಿ ನೀಟಾಗಿ ಇಳಿಸುತ್ತಾನಾ ಅಂತ ನೋಡುತ್ತೇವೆ. ಗಂಟೆಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಲೈಸೆನ್ಸ್ ನಿಯಮಗಳು ಕನಿಷ್ಠ ಅನುಭವ ಕೇಳುತ್ತವೆ, ಅದನ್ನು ಬಿಡುವ ಹಾಗಿಲ್ಲ. ಆದರೆ ಗಂಟೆ ತುಂಬಿದ್ದೇ ಪುರಾವೆ ಅಂತ ತಿಳಿಯಬಾರದು.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಕಂಟ್ರೋಲರ್‌ಗಳಿಗೆ ಒಂದು ಯೋಜನೆ, ತಂತ್ರಜ್ಞರಿಗೆ ಇನ್ನೊಂದು ಯೋಜನೆ ಅಂತ ಎರಡು ಫೈಲ್ ಮಾಡಿ, ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡುವುದು ನನಗೆ ಒಪ್ಪಿಗೆ ಇಲ್ಲ. ಇಬ್ಬರ ಕೆಲಸ ಎಲ್ಲಿ ಕೂಡುತ್ತದೋ ಅಲ್ಲೇ ಅಪಾಯ ಜಾಸ್ತಿ. ಅಲ್ಲೇ ತರಬೇತಿ ಕಡಿಮೆ.

ಎರಡು ಕೆಲಸ, ಹತ್ತು ಹತ್ತು ಸಾಮರ್ಥ್ಯ

ಕಂಟ್ರೋಲರ್ ಯಾರು ಅಂತ ವಿವರಿಸಬೇಕಿಲ್ಲ. ತಂತ್ರಜ್ಞರನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ‘ಎಟ್‌ಸೆಪ್’ ಎಂದು ಕರೆಯುತ್ತದೆ. ನಮ್ಮಲ್ಲಿ ಸಿಎನ್‌ಎಸ್‌ನವರು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಸಂವಹನ, ದಿಕ್ಕು ತೋರಿಸುವ ಉಪಕರಣ, ರೇಡಾರ್‌ನಂಥ ಕಣ್ಗಾವಲು ವ್ಯವಸ್ಥೆ, ಇವುಗಳ ಹಿಂದಿನ ವಿದ್ಯುತ್ ಮತ್ತು ಡೇಟಾ, ಎಲ್ಲವೂ ಅವರ ಪಾಲಿಗೆ.

ಐಸಿಎಒ ಎರಡೂ ಕೆಲಸಕ್ಕೆ ಬೇರೆ ಬೇರೆ ಕೈಪಿಡಿ ಕೊಟ್ಟಿದೆ. ಕಂಟ್ರೋಲರ್‌ಗೆ 10056, ಎಟ್‌ಸೆಪ್‌ಗೆ 10057. ಎರಡಕ್ಕೂ ತಳಪಾಯ 9868 ಸಂಖ್ಯೆಯ ತರಬೇತಿ ವಿಧಾನದ ದಾಖಲೆ. ಅದರಲ್ಲಿ ಕಂಟ್ರೋಲರ್‌ಗೆ ಹತ್ತು ಸಾಮರ್ಥ್ಯಗಳಿವೆ: ಸುತ್ತಲಿನ ಪರಿಸ್ಥಿತಿಯ ಅರಿವು, ದಟ್ಟಣೆ ಮತ್ತು ಸಾಮರ್ಥ್ಯದ ನಿರ್ವಹಣೆ, ಅಂತರ ಕಾಪಾಡಿ ಘರ್ಷಣೆ ತಪ್ಪಿಸುವುದು, ಸಂವಹನ, ಸಮನ್ವಯ, ಅಸಾಮಾನ್ಯ ಸ್ಥಿತಿಯ ನಿರ್ವಹಣೆ, ಸಮಸ್ಯೆ ಬಿಡಿಸಿ ತೀರ್ಮಾನ ತೆಗೆದುಕೊಳ್ಳುವುದು, ತನ್ನನ್ನು ತಾನು ತಿದ್ದಿಕೊಳ್ಳುವುದು, ಕೆಲಸದ ಹೊರೆ ನಿಭಾಯಿಸುವುದು, ತಂಡದ ಕೆಲಸ. ಎಟ್‌ಸೆಪ್‌ನ ಹತ್ತರಲ್ಲೂ ಹೆಚ್ಚಿನವು ಇವೇ. ದಟ್ಟಣೆ ಮತ್ತು ಅಂತರದ ಜಾಗದಲ್ಲಿ ಎಂಜಿನಿಯರಿಂಗ್ ಮತ್ತು ಸೇವೆ ಒದಗಿಸುವುದು ಬರುತ್ತವೆ, ಅಷ್ಟೇ ವ್ಯತ್ಯಾಸ. ಒಂದೇ ಯೋಜನೆಯ ಒಳಗೆ ಎರಡೂ ಗುಂಪನ್ನು ಕೂರಿಸಬಹುದು ಅಂತ ನಾನು ಹೇಳುವುದಕ್ಕೆ ಈ ಪಟ್ಟಿಯೇ ಆಧಾರ.

ಈ ಕುರ್ಚಿಗೆ ಬರುವ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಕಂಟ್ರೋಲರ್‌ಗಳನ್ನು ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ತೆಗೆದುಕೊಳ್ಳುತ್ತದೆ. ಭೌತಶಾಸ್ತ್ರ ಮತ್ತು ಗಣಿತ ಇರುವ ಬಿ.ಎಸ್ಸಿ. ಸಾಕು. ಎಂಜಿನಿಯರಿಂಗ್ ಆದರೆ ಯಾವುದಾದರೂ ಒಂದು ಸೆಮಿಸ್ಟರ್‌ನಲ್ಲಿ ಆ ಎರಡು ವಿಷಯ ಓದಿರಬೇಕು. ವಯಸ್ಸಿನ ಮಿತಿ 27, ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವರಿಗೂ ಈ ಬಾಗಿಲು ತೆರೆದಿದೆ ಅನ್ನುವುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಲಿಖಿತ ಪರೀಕ್ಷೆ ಆದ ಮೇಲೆ ಧ್ವನಿ ಪರೀಕ್ಷೆ, ಮಾದಕ ವಸ್ತು ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ವೈದ್ಯಕೀಯ ಪರೀಕ್ಷೆ ಇರುತ್ತವೆ. ತಂತ್ರಜ್ಞರಿಗೆ ಎಲೆಕ್ಟ್ರಾನಿಕ್ಸ್ ಅಥವಾ ಟೆಲಿಕಾಂ ಎಂಜಿನಿಯರಿಂಗ್ ಓದು ಬೇಕು. ಮೊದಲ ಹಂತದ ಪಾಠಕ್ಕೆ ಪ್ರಯಾಗರಾಜ್‌ನಲ್ಲಿ 1948ರಿಂದ ಇರುವ ತರಬೇತಿ ಕಾಲೇಜು, ಹೈದರಾಬಾದ್, ಗೊಂಡಿಯಾ ಇವೆ. ಅಲ್ಲಿ ಕಲಿತು ಬಂದವರನ್ನು ನಿಮ್ಮ ಟವರ್‌ಗೆ, ನಿಮ್ಮ ಉಪಕರಣಕ್ಕೆ ತಯಾರು ಮಾಡುವುದು ಯುನಿಟ್ ತರಬೇತಿ. ಈ ಮಾರ್ಗದರ್ಶಿ ಶುರುವಾಗುವುದು ಅಲ್ಲಿಂದ.

ಹೆಜ್ಜೆ 1: ನಿಮ್ಮ ಜಾಗದ ಕೆಲಸವನ್ನು ಬರೆದಿಡಿ

ಬೇರೆ ಊರಿನ ಸಿಲಬಸ್ ತಂದು ಹೆಸರು ಬದಲಿಸುವುದು ಸುಲಭ. ತುಂಬಾ ಕಡೆ ಹಾಗೇ ಆಗುತ್ತದೆ. ಅದು ಬೇಡ. ಖಾಲಿ ಹಾಳೆ ತೆಗೆದುಕೊಳ್ಳಿ. ಟವರ್‌ನಲ್ಲಿ ಒಂದು ಶಿಫ್ಟ್‌ನಲ್ಲಿ ಏನೇನು ಕೆಲಸ ನಡೆಯುತ್ತದೆ, ಎಕ್ವಿಪ್‌ಮೆಂಟ್ ರೂಮಿನಲ್ಲಿ ಏನೇನು ನಡೆಯುತ್ತದೆ, ಎರಡನ್ನೂ ಬರೆಯಿರಿ. ಯಾವ ನಿಯಮ ಅನ್ವಯ, ಯಾವ ಉಪಕರಣ ಇದೆ, ಒಂದು ಶಿಫ್ಟ್‌ಗೆ ಎಷ್ಟು ಜನ, ಯಾರ ಜೊತೆ ಫೋನಿನಲ್ಲಿ ಮಾತಾಡಬೇಕು ಅಂತ ಸೇರಿಸಿ.

ಆಮೇಲೆ ಹವೆ. ಮಲೆನಾಡಿನಲ್ಲಿ ಈ ಹಾಳೆಯೇ ದೊಡ್ಡದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮೋಡ ಕೆಳಗಿಳಿದು ಕೂರುತ್ತದೆ. ನಿಯಂತ್ರಿತ ವಲಯದ ನಿಲ್ದಾಣದಲ್ಲಿ ಕಣ್ಣಳತೆಯ ನಿಯಮದಲ್ಲಿ, ಅಂದರೆ ಪೈಲಟ್ ಹೊರಗೆ ನೋಡಿಕೊಂಡೇ, ಹಾರಲು ಮೋಡದ ತಳ 1,500 ಅಡಿಗಿಂತ ಮೇಲಿರಬೇಕು, ಗೋಚರತೆ 5 ಕಿ.ಮೀ. ಬೇಕು. ಕಡಿಮೆಯಾದರೆ ವಿಶೇಷ ಅನುಮತಿ ಬೇಕು. ಆಗುಂಬೆ ಕಡೆಯಿಂದ ಬರುವ ಒಂದು ಮಳೆಯಲ್ಲಿ ಈ ಎರಡೂ ಅಂಕಿ ಕೆಲವೇ ನಿಮಿಷದಲ್ಲಿ ಬಿದ್ದುಹೋಗಬಹುದು. ಹಾಗಾಗಿ ನಿಮ್ಮ ಕಂಟ್ರೋಲರ್‌ಗೆ ಹವಾಮಾನ ವರದಿ ಓದಲು ಬಂದರೆ ಸಾಲದು. ಕಿಟಕಿಯಿಂದ ಹೊರಗೆ ನೋಡಿ, ವರದಿಯಲ್ಲಿ ಇರುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ಹೊಂದದಿದ್ದರೆ ಅದನ್ನು ಪೈಲಟ್‌ಗೆ ಹೇಳುವ ಅಭ್ಯಾಸವೂ ಬೇಕು. ಚಳಿಗಾಲದ ಬೆಳಗಿನ ಮಂಜಿಗೂ ಇದೇ ಮಾತು.

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಸಿಡಿಲು ಟವರ್‌ಗಿಂತ ತಂತ್ರಜ್ಞರಿಗೆ ಜಾಸ್ತಿ ಕಷ್ಟ. ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಯುಪಿಎಸ್ ಹಿಡಿದುಕೊಳ್ಳಬೇಕು, ಡಿಜಿ (ಡೀಸೆಲ್ ಜನರೇಟರ್) ಶುರುವಾಗಬೇಕು, ಲೋಡ್ ಬದಲಾಗಬೇಕು. ಅರ್ಥಿಂಗ್ ಸರಿ ಇಲ್ಲದಿದ್ದರೆ ಮೊದಲ ಸಿಡಿಲಿಗೇ ಉಪಕರಣದೊಳಗಿನ ಸರ್ಕ್ಯೂಟ್ ಕಾರ್ಡು ಸುಡುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥಿಂಗ್ ರೆಸಿಸ್ಟೆನ್ಸ್ ಏರುತ್ತದೆ. ಮಳೆಗಾಲದಲ್ಲಿ ಅಳೆದ ಅಂಕಿ ಇಟ್ಟುಕೊಂಡು ನೆಮ್ಮದಿಯಾಗಿ ಇರಬಾರದು. ಗುಡುಗಿನ ಕಾಲಕ್ಕೆ ಮೊದಲೇ, ಮಣ್ಣು ಒಣಗಿರುವಾಗಲೇ ಅಳೆಯಬೇಕು. ಈ ಒಂದು ಸಾಲು ಬೇರೆ ಊರಿನ ಸಿಲಬಸ್‌ನಲ್ಲಿ ಸಿಗುವುದು ಕಷ್ಟ. ನಿಮ್ಮ ಹಾಳೆಯಲ್ಲಿ ಇರಲೇಬೇಕು.

ಮೂರನೆಯದು ಗುಡ್ಡ. ವಿಮಾನದ ವಿಎಚ್‌ಎಫ್ ರೇಡಿಯೊ ನೇರ ದೃಷ್ಟಿಯಲ್ಲಿ ಹೋಗುತ್ತದೆ, ಗುಡ್ಡ ಬಳಸಿ ಬರುವುದಿಲ್ಲ. ಸಮತಟ್ಟು ನೆಲದ ಮೇಲೆ 10,000 ಅಡಿ ಎತ್ತರದ ವಿಮಾನದ ಮಾತು ಸುಮಾರು 120 ನಾಟಿಕಲ್ ಮೈಲಿವರೆಗೆ ಕೇಳಬಹುದು. ಅದೇ ವಿಮಾನ ಕೆಳಗಿಳಿದು ಘಟ್ಟದ ಸಾಲಿನ ಆಚೆ ಇದ್ದರೆ ಮಾತು ಕಡಿಯುತ್ತದೆ. ‘ರೇಡಿಯೊ ಕೆಟ್ಟಿದೆ’ ಅಂತ ಟವರ್ ದೂರು ಕೊಡುತ್ತದೆ, ‘ನಮ್ಮ ಕಡೆ ಎಲ್ಲ ಸರಿ ಇದೆ’ ಅಂತ ತಂತ್ರಜ್ಞರು ಹೇಳುತ್ತಾರೆ. ಇಬ್ಬರೂ ಸರಿ. ಯಾವ ದಿಕ್ಕಿನಲ್ಲಿ, ಯಾವ ಎತ್ತರದಲ್ಲಿ ಮಾತು ಕಡಿಯಿತು ಅಂತ ಇಬ್ಬರೂ ಸೇರಿ ಒಂದು ನಕ್ಷೆಯಲ್ಲಿ ಗುರುತು ಹಾಕುತ್ತಾ ಬಂದರೆ ಅದೇ ಒಳ್ಳೆಯ ಪಾಠದ ಸಾಮಗ್ರಿ.

ಹೆಜ್ಜೆ 2: ಸಾಮರ್ಥ್ಯವನ್ನು ಕಣ್ಣಿಗೆ ಕಾಣುವ ನಡವಳಿಕೆಯಾಗಿ ಬರೆಯಿರಿ

‘ಪರಿಸ್ಥಿತಿಯ ಅರಿವು ಚೆನ್ನಾಗಿದೆ’ ಅಂತ ಬರೆದರೆ ಅದರಿಂದ ಉಪಯೋಗ ಇಲ್ಲ. ಅರಿವು ತಲೆಯ ಒಳಗಿರುತ್ತದೆ, ತರಬೇತುದಾರರಿಗೆ ಕಾಣುವುದಿಲ್ಲ. ಕಾಣುವುದು ನಡವಳಿಕೆ. ಪ್ರತಿ ಸಾಮರ್ಥ್ಯಕ್ಕೂ ಪಕ್ಕದಲ್ಲಿ ಕೂತವರು ನೋಡಬಹುದಾದ, ಕೇಳಬಹುದಾದ ಕೆಲವು ವಾಕ್ಯ ಬರೆಯಿರಿ.

ಕಂಟ್ರೋಲರ್‌ಗೆ ಉದಾಹರಣೆ: ಇಳಿಯಲು ಅನುಮತಿ ಕೊಡುವ ಮುನ್ನ ರನ್‌ವೇಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣು ಹಾಯಿಸುತ್ತಾರೆ. ಸೊಗಾನೆಯ ರನ್‌ವೇ 3.2 ಕಿ.ಮೀ. ಉದ್ದ, ಒಂದು ನೋಟಕ್ಕೆ ಮುಗಿಯುವುದಿಲ್ಲ. ತಪಾಸಣೆ ಜೀಪು ರನ್‌ವೇ ಮೇಲಿದ್ದಾಗ ಅದನ್ನು ನೆನಪಿಸುವ ಸ್ಟ್ರಿಪ್, ಅಂದರೆ ಚೀಟಿಪಟ್ಟಿ, ಬೋರ್ಡಿನ ಮೇಲಿಡುತ್ತಾರೆ. ಪೈಲಟ್ ತಿರುಗಿ ಹೇಳಿದ್ದನ್ನು ಕೊನೆಯವರೆಗೆ ಕೇಳಿ, ತಪ್ಪಿದ್ದರೆ ತಕ್ಷಣ ತಿದ್ದುತ್ತಾರೆ.

ಕೊನೆಯದು ಸಣ್ಣ ವಿಷಯದ ಹಾಗೆ ಕಾಣುತ್ತದೆ. ಎತ್ತರ ಅಳೆಯುವ ಉಪಕರಣಕ್ಕೆ ಕೊಡುವ ಒತ್ತಡದ ಅಂಕಿ 1006 ಅಂತ ಕಂಟ್ರೋಲರ್ ಹೇಳಿದರು, ಪೈಲಟ್ 1009 ಅಂತ ತಿರುಗಿ ಹೇಳಿದರು ಅಂತಿಟ್ಟುಕೊಳ್ಳಿ. ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 30 ಅಡಿ ವ್ಯತ್ಯಾಸ. ಅಂದರೆ ವಿಮಾನ ತಾನು ತಿಳಿದದ್ದಕ್ಕಿಂತ ಸುಮಾರು 90 ಅಡಿ ಕೆಳಗಿದೆ. ಮೋಡದೊಳಗೆ ಇಳಿಯುವವರಿಗೆ 90 ಅಡಿ ಸಣ್ಣದಲ್ಲ.

ತಂತ್ರಜ್ಞರಿಗೆ ಉದಾಹರಣೆ: ವಿಮಾನಕ್ಕೆ ದಿಕ್ಕು ತೋರಿಸುವ ಡಿವಿಒಆರ್ ಎಂಬ ರೇಡಿಯೊ ಉಪಕರಣವನ್ನು ದುರಸ್ತಿ ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಟವರ್‌ನಿಂದ ಅನುಮತಿ ಪಡೆಯುತ್ತಾರೆ. ಕೆಲಸ ನಡೆಯುವಾಗ ಅದರ ಗುರುತಿನ ಸಂಕೇತ ಪ್ರಸಾರ ಆಗದಂತೆ ನೋಡಿಕೊಳ್ಳುತ್ತಾರೆ. ಆ ಸಂಕೇತ ಕೇಳಿಸದಿದ್ದರೆ ಉಪಕರಣವನ್ನು ನಂಬಬಾರದು ಅಂತ ಪೈಲಟ್‌ಗೆ ಗೊತ್ತು. ಸಂಕೇತ ಸರಿ ಇದೆಯಾ ಅಂತ ಕಾಯುವ ಮಾನಿಟರ್ ಅಲಾರ್ಮ್ ಹೊಡೆದಾಗ ‘ಸುಮ್ನೆ ಕಿರಿಕಿರಿ’ ಅಂತ ಬೈಪಾಸ್ ಮಾಡುವುದಿಲ್ಲ. ದಿಕ್ಕು ಒಂದು ಡಿಗ್ರಿಗಿಂತ ಜಾಸ್ತಿ ಸರಿದರೆ ಮಾನಿಟರ್ ಎಚ್ಚರಿಸಬೇಕು, ತಪ್ಪು ಸಂಕೇತ ಹೊರಗೆ ಹೋಗದಂತೆ ತಡೆಯಬೇಕು. ಸಂಕೇತವೇ ಇಲ್ಲದಿದ್ದರೆ ಪೈಲಟ್ ಬೇರೆ ದಾರಿ ಹುಡುಕುತ್ತಾರೆ. ತಪ್ಪು ಸಂಕೇತ ಬಂದರೆ ಅದನ್ನೇ ನಂಬಿ ಬರುತ್ತಾರೆ. ಹೊಸ ತಂತ್ರಜ್ಞರ ತಲೆಗೆ ಮೊದಲ ವಾರವೇ ಹೋಗಬೇಕಾದ ಮಾತು ಇದು.

ಪ್ರತಿ ನಡವಳಿಕೆಯ ಮುಂದೆ ಎರಡು ಸಂಗತಿ ಸೇರಿಸಿ. ಯಾವ ಸ್ಥಿತಿಯಲ್ಲಿ (ಎಷ್ಟು ವಿಮಾನ, ಯಾವ ಹವೆ, ಹೇಳಿಕೊಡುವವರು ಇದ್ದಾರೋ ಇಲ್ಲವೋ) ಮತ್ತು ಯಾವ ಮಟ್ಟಕ್ಕೆ (ಯಾವ ನಿಯಮದ ಪ್ರಕಾರ). ಇಷ್ಟಾದರೆ ಅಳತೆಗೋಲು ಸಿದ್ಧ. ಪಟ್ಟಿ ತುಂಬಾ ಉದ್ದ ಮಾಡಬೇಡಿ. ಹತ್ತು ಸಾಮರ್ಥ್ಯಕ್ಕೆ ನೂರು ಸಾಲು ಬರೆದರೆ ತರಬೇತುದಾರರು ಪುಟ ತಿರುಗಿಸುವುದರಲ್ಲೇ ಇರುತ್ತಾರೆ, ಕಲಿಯುವವರನ್ನು ನೋಡುವುದಿಲ್ಲ.

ಹೆಜ್ಜೆ 3: ಇಬ್ಬರ ಕೆಲಸ ಕೂಡುವ ಜಾಗಕ್ಕೆ ಬೇರೆ ಪುಟ ಕೊಡಿ

2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಊರಿನ ಮೇಲೆ ಒಂದು ಟುಪೊಲೆವ್ ಪ್ರಯಾಣಿಕ ವಿಮಾನ ಮತ್ತು ಒಂದು ಬೋಯಿಂಗ್ ಸರಕು ವಿಮಾನ ಡಿಕ್ಕಿಯಾದವು. 71 ಜನ ಸತ್ತರು. ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕೇಂದ್ರ. ಒಬ್ಬರೇ ಕಂಟ್ರೋಲರ್ ಎರಡು ಪರದೆ ನೋಡುತ್ತಿದ್ದರು, ಜೊತೆಯವರು ವಿಶ್ರಾಂತಿಗೆ ಹೋಗಿದ್ದರು. ಅದೇ ರಾತ್ರಿ ತಂತ್ರಜ್ಞರು ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತಿದ್ದರು. ರೇಡಾರ್ ಕಡಿಮೆ ಮಟ್ಟದಲ್ಲಿ ಓಡುತ್ತಿತ್ತು. ಡಿಕ್ಕಿಯ ಸಾಧ್ಯತೆಯನ್ನು ಪರದೆಯ ಮೇಲೆ ತೋರಿಸುವ ಎಚ್ಚರಿಕೆ ಇರಲಿಲ್ಲ. ಮುಖ್ಯ ಫೋನ್ ಲೈನ್ ಬಂದ್ ಆಗಿತ್ತು, ಬದಲಿ ಲೈನ್ ಕೆಟ್ಟಿತ್ತು. ಪಕ್ಕದ ಕಾರ್ಲ್ಸ್‌ರೂಹೆ ಕೇಂದ್ರದವರಿಗೆ ಅಪಾಯ ಕಂಡಿತ್ತು, ಫೋನ್ ಮಾಡಿದರು, ಸಿಗಲಿಲ್ಲ. ಕಾರಣ ಇಷ್ಟೇ ಅಲ್ಲ. ವಿಮಾನದೊಳಗಿನ ಎಚ್ಚರಿಕೆ ಯಂತ್ರ ಮೇಲೆ ಹೋಗು ಅಂದಾಗ ಕಂಟ್ರೋಲರ್ ಕೆಳಗೆ ಇಳಿ ಅಂದರು, ಟುಪೊಲೆವ್ ಕಂಟ್ರೋಲರ್ ಮಾತು ಕೇಳಿತು. ಆದರೆ ತಂತ್ರಜ್ಞರ ಕೆಲಸದಿಂದ ಏನೇನು ಕೈ ತಪ್ಪಿದೆ ಅನ್ನುವ ಪೂರ್ತಿ ಚಿತ್ರ ಆ ಕುರ್ಚಿಯಲ್ಲಿ ಇದ್ದವರಿಗೆ ಇರಲಿಲ್ಲ ಅನ್ನುವುದು ನಮ್ಮ ವಿಷಯಕ್ಕೆ ಬೇಕಾದ ಪಾಠ.

ಹಾಗಾಗಿ ಉಪಕರಣವನ್ನು ದುರಸ್ತಿ ಕೆಲಸಕ್ಕೆ ತೆಗೆದುಕೊಳ್ಳುವ ಮಾತುಕತೆಗೆ ಒಂದು ನಿಗದಿತ ರೂಪ ಕೊಡಿ. ತಂತ್ರಜ್ಞರು ಐದು ಸಂಗತಿ ಹೇಳಬೇಕು: ಯಾವ ಉಪಕರಣ, ಎಷ್ಟರಿಂದ ಎಷ್ಟರವರೆಗೆ, ಅದು ಇಲ್ಲದಾಗ ಕಂಟ್ರೋಲರ್‌ಗೆ ಏನೇನು ಇರುವುದಿಲ್ಲ, ಬದಲಿಗೆ ಏನಿದೆ, ತುರ್ತಾದರೆ ಎಷ್ಟು ಹೊತ್ತಿನಲ್ಲಿ ವಾಪಸ್ ಕೊಡಬಹುದು. ಮೂರನೆಯದೇ ಮುಖ್ಯ. ‘ಸ್ವಿಚ್ ಬದಲಿಸುತ್ತೇವೆ’ ಅಂದರೆ ಕಂಟ್ರೋಲರ್‌ಗೆ ಏನೂ ಗೊತ್ತಾಗುವುದಿಲ್ಲ. ‘ಫೈರ್ ಸ್ಟೇಷನ್ ಹಾಟ್‌ಲೈನ್ ಕೆಲಸ ಮಾಡುವುದಿಲ್ಲ, ವಾಕಿಟಾಕಿ ಬಳಸಿ’ ಅಂದರೆ ಗೊತ್ತಾಗುತ್ತದೆ. ಕಂಟ್ರೋಲರ್ ಅದನ್ನು ತಿರುಗಿ ಹೇಳಬೇಕು, ಪೈಲಟ್ ತಿರುಗಿ ಹೇಳುವ ಹಾಗೇ. ವಾಪಸ್ ಕೊಡುವಾಗಲೂ ಇದೇ ಕ್ರಮ: ಪರೀಕ್ಷೆ ಮಾಡಿ ನೋಡಿದ್ದೇವೆ, ಲಾಗ್‌ಬುಕ್‌ನಲ್ಲಿ ಬರೆದಿದ್ದೇವೆ, ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಇದ್ದರೆ ತೆಗೆಸಿದ್ದೇವೆ.

ಈ ಮಾತುಕತೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ? ಯೋಜಿತ ಕೆಲಸದ ದಾಖಲೆ ಇಂಗ್ಲಿಷಿನಲ್ಲೇ ಇರುತ್ತದೆ, ಅದು ಹಾಗೇ ಇರಲಿ. ಫೋನಿನಲ್ಲಿ ಇಬ್ಬರೂ ಕನ್ನಡದವರಾದರೆ ಕನ್ನಡದಲ್ಲಿ ಹೇಳಿ, ಅಡ್ಡಿಯಿಲ್ಲ. ಉಪಕರಣದ ಹೆಸರು ಮತ್ತು ಅಂಕಿಗಳನ್ನು ಮಾತ್ರ ದಾಖಲೆಯಲ್ಲಿ ಇರುವ ಹಾಗೇ ಹೇಳಿ. ನನ್ನ ಪ್ರಕಾರ ಅರ್ಥವಾಗದೆ ‘ಓಕೆ ಓಕೆ’ ಅನ್ನುವ ಇಂಗ್ಲಿಷಿಗಿಂತ ಅರ್ಥವಾದ ಕನ್ನಡ ಸಾವಿರ ಪಾಲು ಮೇಲು.

ಆಕಾಶದ ಮಾತು ಬೇರೆ. ಕಂಟ್ರೋಲರ್‌ಗೆ ಐಸಿಎಒ ಅಳತೆಯಲ್ಲಿ ಇಂಗ್ಲಿಷ್ ಕನಿಷ್ಠ 4ನೇ ಮಟ್ಟ ಬೇಕು. ಉಚ್ಚಾರಣೆ, ವಾಕ್ಯ ರಚನೆ, ಪದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಅಂತ ಆರು ಅಂಶ. ಆರರಲ್ಲಿ ಅತಿ ಕಡಿಮೆ ಬಂದದ್ದೇ ನಿಮ್ಮ ಮಟ್ಟ. 4ನೇ ಮಟ್ಟದವರಿಗೆ ಮೂರು ವರ್ಷಕ್ಕೊಮ್ಮೆ, 5ನೇ ಮಟ್ಟದವರಿಗೆ ಆರು ವರ್ಷಕ್ಕೊಮ್ಮೆ ಮರುಪರೀಕ್ಷೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರುವುದನ್ನು ನೋಡಿದ್ದೇನೆ. ಇಲ್ಲಿ ಆಕ್ಸ್‌ಫರ್ಡ್ ಉಚ್ಚಾರಣೆ ಯಾರೂ ಕೇಳುವುದಿಲ್ಲ. ಮಾತು ಸ್ಪಷ್ಟವಾಗಿರಬೇಕು, ಮಾಮೂಲಿ ವಾಕ್ಯ ಬಿಟ್ಟು ಏನಾದರೂ ನಡೆದಾಗ ವಿವರಿಸಲು ಬರಬೇಕು. ದಿನವೂ ಸಂಜೆ ಸ್ವಲ್ಪ ಹೊತ್ತು, ಕಿಟಕಿಯಿಂದ ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ.

ಹೆಜ್ಜೆ 4: ಅಭ್ಯಾಸದ ಸನ್ನಿವೇಶಗಳು

ಚಿಕ್ಕ ನಿಲ್ದಾಣದ ಕಷ್ಟ ಏನೆಂದರೆ ದಿನಕ್ಕೆ ಬರುವ ವಿಮಾನಗಳೇ ಕೆಲವು. ಕಲಿಯುವವರು ತಿಂಗಳುಗಟ್ಟಲೆ ಕೂತರೂ ಒಂದೇ ಒಂದು ಕಷ್ಟದ ಪರಿಸ್ಥಿತಿ ಬರದೇ ಇರಬಹುದು. ಗಂಟೆ ತುಂಬುತ್ತದೆ, ಸಾಮರ್ಥ್ಯಕ್ಕೆ ಪುರಾವೆ ಸಿಗುವುದಿಲ್ಲ. ಆ ಕೊರತೆಯನ್ನು ಸಿಮ್ಯುಲೇಟರ್ ತುಂಬಬೇಕು. ದೊಡ್ಡ ಸಿಮ್ಯುಲೇಟರ್ ಇಲ್ಲದಿದ್ದರೆ ದೊಡ್ಡ ಮೇಜಿನ ಮೇಲೆ ಚಾಕ್‌ಪೀಸ್‌ನಲ್ಲಿ ರನ್‌ವೇ ಬರೆಯಿರಿ, ಆಟಿಕೆ ವಿಮಾನ ಇಡಿ, ಒಬ್ಬರು ಪೈಲಟ್ ಆಗಲಿ, ಇನ್ನೊಬ್ಬರು ಫೈರ್ ಸ್ಟೇಷನ್ ಆಗಲಿ. ಮಾತು, ಸ್ಟ್ರಿಪ್, ಸಮನ್ವಯ ಇವನ್ನೆಲ್ಲ ಇದರಲ್ಲೇ ಕಲಿಯಬಹುದು. ಕಣ್ಣಳತೆ ಮಾತ್ರ ಬರುವುದಿಲ್ಲ.

ಸನ್ನಿವೇಶವನ್ನು ಹೇಗೆ ಬರೆಯಬೇಕು ಅನ್ನುವುದಕ್ಕೆ ಒಂದನ್ನು ಪೂರ್ತಿಯಾಗಿ ಕೊಡುತ್ತೇನೆ. ಇಬ್ಬರಿಗೂ ಸೇರಿದ್ದು.

ಜೂನ್ ಕೊನೆ, ಸಂಜೆ. ಬೆಂಗಳೂರಿನಿಂದ ಒಂದು ಎಟಿಆರ್, ಅಂದರೆ ಚಿಕ್ಕ ಪ್ರಯಾಣಿಕ ವಿಮಾನ, ಬರುತ್ತಿದೆ, ಹತ್ತು ನಿಮಿಷದ ದೂರದಲ್ಲಿದೆ. ರನ್‌ವೇ ಮೇಲೆ ನಾಯಿ ಕಂಡಿತು ಅಂತ ಹೇಳಿ ಜೀಪು ಒಳಗೆ ಹೋಗಿದೆ. ಪಶ್ಚಿಮದಿಂದ ಮಳೆ ಹತ್ತಿರ ಬರುತ್ತಿದೆ. ಈಗ ಕರೆಂಟ್ ಹೋಗುತ್ತದೆ. ಯುಪಿಎಸ್ ಹಿಡಿದುಕೊಳ್ಳುತ್ತದೆ, ಡಿಜಿ ಶುರುವಾಗುವುದಿಲ್ಲ. ಎರಡು ನಿಮಿಷಕ್ಕೆ ಮುಖ್ಯ ಟ್ರಾನ್ಸ್‌ಮಿಟರ್ ಸತ್ತು ಹೋಗುತ್ತದೆ. ಪೈಲಟ್ ಕರೆಯುತ್ತಿದ್ದಾರೆ, ಟವರ್‌ನ ಉತ್ತರ ಅವರಿಗೆ ಹೋಗುತ್ತಿಲ್ಲ.

ಕಂಟ್ರೋಲರ್‌ನಲ್ಲಿ ಏನು ನೋಡಬೇಕು? ಸ್ಟ್ಯಾಂಡ್‌ಬೈ ಸೆಟ್‌ಗೆ ಬದಲಿಸುತ್ತಾರಾ? ಅದೂ ಇಲ್ಲದಿದ್ದರೆ ಬ್ಯಾಟರಿ ರೇಡಿಯೊ, ತುರ್ತು ತರಂಗಾಂತರ 121.5, ಪಕ್ಕದ ಯುನಿಟ್‌ಗೆ ಫೋನ್, ಕೊನೆಗೆ ಬಣ್ಣದ ಬೆಳಕಿನಲ್ಲಿ ಸೂಚನೆ ಕೊಡುವ ಬೆಳಕಿನ ಗನ್ ನೆನಪಾಗುತ್ತದಾ? ಹಾರುತ್ತಿರುವ ವಿಮಾನಕ್ಕೆ ನಿಂತ ಹಸಿರು ಬೆಳಕು ಎಂದರೆ ಇಳಿಯಬಹುದು. ನಿಂತ ಕೆಂಪು ಎಂದರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಾ ಇರು. ಮಿನುಗುವ ಕೆಂಪು ಎಂದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡ. ಪುಸ್ತಕದಲ್ಲಿ ಇದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಗನ್ ಎಲ್ಲಿದೆ, ಬಟನ್ ಯಾವುದು ಅಂತ ಕತ್ತಲಲ್ಲಿ ಕೈಗೆ ಗೊತ್ತಿರುತ್ತದಾ ಅನ್ನುವುದೇ ಪರೀಕ್ಷೆ. ಈ ಗಲಾಟೆಯಲ್ಲಿ ಜೀಪು ಇನ್ನೂ ರನ್‌ವೇ ಮೇಲಿದೆ ಅನ್ನುವುದು ಮರೆತುಹೋಯಿತಾ ಅನ್ನುವುದು ಇನ್ನೊಂದು.

ತಂತ್ರಜ್ಞರಲ್ಲಿ ಏನು ನೋಡಬೇಕು? ಮೊದಲು ಯಾವುದಕ್ಕೆ ಓಡುತ್ತಾರೆ, ಡಿಜಿಗೋ ಟ್ರಾನ್ಸ್‌ಮಿಟರ್‌ಗೋ? ಯುಪಿಎಸ್ ಎಷ್ಟು ಹೊತ್ತು ಬರುತ್ತದೆ ಅಂತ ಟವರ್‌ಗೆ ಹೇಳುತ್ತಾರಾ? ವಿಮಾನ ಹತ್ತಿರ ಇದೆ ಅನ್ನುವುದು ಅವರಿಗೆ ಗೊತ್ತಾ, ಕೇಳಿ ತಿಳಿದುಕೊಂಡರಾ? ಟ್ರಾನ್ಸ್‌ಮಿಟರ್ ಸತ್ತದ್ದಕ್ಕೂ ಕರೆಂಟ್ ಹೋದದ್ದಕ್ಕೂ ಸಂಬಂಧ ಇದೆ ಅಂತ ಗುರುತಿಸಿದರಾ?

ಇಂಥ ಸನ್ನಿವೇಶಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ. ಮೊದಲ ದಿನವೇ ಮೇಲಿನದನ್ನು ಕೊಟ್ಟರೆ ಕಲಿಯುವವರು ಕಲಿಯುವುದು ಹೆದರಿಕೆಯನ್ನು ಮಾತ್ರ.

ಹೆಜ್ಜೆ 5: ಒಜೆಟಿ (ಕೆಲಸದ ಜಾಗದಲ್ಲೇ ತರಬೇತಿ), ಅಂದರೆ ನಿಜವಾದ ಕುರ್ಚಿ

ಟವರ್‌ನಲ್ಲಿ ಕಲಿಯುವವರ ಪಕ್ಕದಲ್ಲಿ ತರಬೇತುದಾರರು ಇನ್ನೊಂದು ಹೆಡ್‌ಸೆಟ್ ಹಾಕಿ ಕೂರುತ್ತಾರೆ. ಮಾತು ಕಲಿಯುವವರದು, ಜವಾಬ್ದಾರಿ ತರಬೇತುದಾರರದು. ಕೂರುವ ಮುನ್ನ ಇಬ್ಬರೂ ಮಾತಾಡಿಕೊಳ್ಳಬೇಕಾದದ್ದು ಎರಡು: ಇವತ್ತು ಯಾವುದರ ಮೇಲೆ ಗಮನ, ‘ನಾನು ತೆಗೆದುಕೊಂಡೆ’ ಅಂತ ನಾನು ಹೇಳಿದರೆ ನೀವು ತಕ್ಷಣ ಬಿಡಬೇಕು. ತರಬೇತುದಾರರು ಬೇಗ ಬಾಯಿ ಹಾಕಿದರೆ ಕಲಿಯುವವರು ಯೋಚಿಸುವುದನ್ನು ಬಿಡುತ್ತಾರೆ. ತಡ ಮಾಡಿದರೆ ಅಪಾಯ. ತಾನು ಎಲ್ಲಿಯವರೆಗೆ ಕಾಯಬಹುದು ಅಂತ ತರಬೇತುದಾರರು ಮನಸ್ಸಿನಲ್ಲಿ ಮೊದಲೇ ಗೆರೆ ಎಳೆದುಕೊಂಡಿರಬೇಕು.

ಶಿಫ್ಟ್ ಮುಗಿದ ಮೇಲೆ ಮಾತುಕತೆ. ಅಲ್ಲೇ ಈ ಪದ್ಧತಿಯ ಸತ್ವ ಇರುವುದು. ‘ರೀಡ್‌ಬ್ಯಾಕ್ ತಪ್ಪನ್ನು, ಪೈಲಟ್ ತಿರುಗಿ ಹೇಳಿದ್ದರಲ್ಲಿನ ತಪ್ಪನ್ನು ಬಿಟ್ಟೆ, ಮುಂದೆ ಹುಷಾರಾಗಿರು’ ಅಂತ ಹೇಳಿ ಎದ್ದು ಹೋಗುವುದು ಸಾಲದು. ಒಂದೇ ತಪ್ಪಿಗೆ ಬೇರು ಬೇರೆ ಬೇರೆ ಇರಬಹುದು. ಪೈಲಟ್‌ನ ಉಚ್ಚಾರಣೆ ಅರ್ಥವಾಗಲಿಲ್ಲವಾ? ಹಾಗಾದರೆ ಅದು ಸಂವಹನ, ರೆಕಾರ್ಡಿಂಗ್ ಕೇಳಿಸಿ ಅಭ್ಯಾಸ ಮಾಡಿಸಿ. ಅದೇ ಹೊತ್ತಿಗೆ ಇನ್ನೊಂದು ಕಿವಿಯಲ್ಲಿ ಫೋನ್ ಇತ್ತಾ? ಹಾಗಾದರೆ ಅದು ಹೊರೆ ನಿಭಾಯಿಸುವ ವಿಷಯ. ‘ಒಂದು ನಿಮಿಷ ಇರಿ’ ಅಂತ ಫೋನಿಗೆ ಹೇಳಲು ಕಲಿಸಬೇಕು. ಇನ್ನೊಂದು ಸಲ ಕೇಳಿದರೆ ಪೈಲಟ್ ಏನಂದುಕೊಳ್ಳುತ್ತಾರೋ ಅಂತ ಸಂಕೋಚವಾಯಿತಾ? ನಮ್ಮ ಮಲೆನಾಡಿನ ಮಕ್ಕಳಲ್ಲಿ ಇದು ಬೇಕಾದಷ್ಟಿದೆ, ಇದಕ್ಕೆ ಇಂಗ್ಲಿಷ್ ಪಾಠ ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಮೂರಕ್ಕೂ ಒಂದೇ ಔಷಧಿ ಕೊಟ್ಟರೆ ಇಬ್ಬರಿಗೆ ಖಾಯಿಲೆ ಹಾಗೇ ಉಳಿಯುತ್ತದೆ.

ತಂತ್ರಜ್ಞರಲ್ಲೂ ಹಾಗೇ. ಪವರ್ ಸಪ್ಲೈ ನೋಡದೆ ಕಾರ್ಡು ಮೇಲೆ ಕಾರ್ಡು ಬದಲಿಸಿದರು ಅಂತಿಟ್ಟುಕೊಳ್ಳಿ. ಉಪಕರಣದ ಜ್ಞಾನ ಇಲ್ಲವೋ, ಕ್ರಮವಾಗಿ ಹುಡುಕುವ ಅಭ್ಯಾಸ ಇಲ್ಲವೋ, ಇಲ್ಲಾ ಟವರ್‌ನಿಂದ ಎರಡು ನಿಮಿಷಕ್ಕೊಮ್ಮೆ ‘ಆಯ್ತಾ, ಆಯ್ತಾ’ ಅಂತ ಫೋನ್ ಬಂದು ಗಡಿಬಿಡಿ ಆಯಿತೋ? ಮೂರನೆಯದಾದರೆ ತಿದ್ದಬೇಕಾದವರು ಟವರ್‌ನವರು.

ಮೊದಲು ಕಲಿಯುವವರೇ ಮಾತಾಡಲಿ. ‘ನಿಮಗೆ ಆಗ ಏನು ಕಾಣುತ್ತಿತ್ತು, ಏನಂದುಕೊಂಡಿರಿ?’ ಅಂತ ಕೇಳಿ ಸುಮ್ಮನೆ ಕೂರಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಇನ್ನೊಂದು: ಕಲಿಯುವ ಕಂಟ್ರೋಲರ್ ಒಂದು ಶಿಫ್ಟ್ ಎಕ್ವಿಪ್‌ಮೆಂಟ್ ರೂಮಿನಲ್ಲಿ ಇರಲಿ, ಕಲಿಯುವ ತಂತ್ರಜ್ಞರು ಒಂದು ಮಳೆಗಾಲದ ಶಿಫ್ಟ್ ಟವರ್‌ನಲ್ಲಿ ಹಿಂದಿನ ಕುರ್ಚಿಯಲ್ಲಿ ಕೂರಲಿ. ಖರ್ಚೇನೂ ಇಲ್ಲ.

ಹೆಜ್ಜೆ 6: ಯಾವಾಗ ‘ಆಯಿತು’ ಅನ್ನುವುದು

ತರಬೇತಿಯನ್ನು ಮೂರು ನಾಲ್ಕು ಮಜಲಾಗಿ ಮಾಡಿ. ಕಂಟ್ರೋಲರ್‌ಗೆ ಮೊದಲ ಮಜಲು ಒಂದೇ ವಿಮಾನ, ಒಳ್ಳೆಯ ಹವೆ, ಹೇಳಿಕೊಡುವವರು ಇದ್ದಾರೆ. ಎರಡನೆಯದರಲ್ಲಿ ಎರಡು ಮೂರು ವಿಮಾನ, ಹೇಳಿಕೊಡುವುದು ಅಪರೂಪ. ಕೊನೆಯದರಲ್ಲಿ ಮಳೆ, ಮುನ್ಸೂಚನೆ ಇಲ್ಲದ ಹೆಲಿಕಾಪ್ಟರ್, ಹೇಳಿಕೊಡುವವರು ಬಾಯಿ ಮುಚ್ಚಿಕೊಂಡಿದ್ದಾರೆ. ತಂತ್ರಜ್ಞರಿಗೆ ಮೊದಲು ದಿನದ ಅಂಕಿ ಓದಿ ಸರಿ ತಪ್ಪು ಹೇಳುವುದು, ಆಮೇಲೆ ಯೋಜಿತ ದುರಸ್ತಿ, ಕೊನೆಗೆ ದೋಷ ಹುಡುಕಿ ಉಪಕರಣವನ್ನು ಸೇವೆಗೆ ವಾಪಸ್ ಕೊಡುವುದು.

ಒಂದು ಒಳ್ಳೆಯ ದಿನ ನೋಡಿ ಪಾಸ್ ಮಾಡಬೇಡಿ, ಒಂದು ಕೆಟ್ಟ ದಿನ ನೋಡಿ ಫೇಲ್ ಮಾಡಬೇಡಿ. ಬೇರೆ ಬೇರೆ ಶಿಫ್ಟ್‌ನಲ್ಲಿ, ಬೇರೆ ಬೇರೆಯವರ ಕಣ್ಣಲ್ಲಿ ಕಂಡ ಪುರಾವೆ ಒಟ್ಟು ಹಾಕಿ. ಹತ್ತರಲ್ಲಿ ಎಂಟು ಸಾಮರ್ಥ್ಯ ಬಹಳ ಚೆನ್ನಾಗಿದೆ, ಎರಡು ಕಡಿಮೆ, ಸರಾಸರಿ ಮೇಲೆ ಪಾಸ್ ಅನ್ನುವ ಲೆಕ್ಕ ಇಲ್ಲಿ ಇಲ್ಲ. ಎಲ್ಲ ಹತ್ತೂ ಬೇಕು. ಸಮನ್ವಯ ಬರದ ಬುದ್ಧಿವಂತರು ಚಿಕ್ಕ ತಂಡಕ್ಕೆ ದೊಡ್ಡ ಅಪಾಯ.

ಕೊನೆಯ ಮೌಲ್ಯಮಾಪನವನ್ನು ಕಲಿಸಿದವರೇ ಮಾಡದಿರುವುದು ಒಳ್ಳೆಯದು. ಚಿಕ್ಕ ಊರಿನಲ್ಲಿ ಎಲ್ಲರೂ ಪರಿಚಯದವರು, ಒಂದೇ ಕ್ವಾರ್ಟರ್ಸ್, ಒಟ್ಟಿಗೆ ಊಟ. ‘ಪಾಪ, ಹುಡುಗ ಒಳ್ಳೆಯವನು’ ಅನ್ನುವುದು ಸಾಮರ್ಥ್ಯದ ಪಟ್ಟಿಯಲ್ಲಿ ಇಲ್ಲ. ಬೇರೆ ನಿಲ್ದಾಣದಿಂದ ಮೌಲ್ಯಮಾಪಕರನ್ನು ಕರೆಸಿ. ಕಂಟ್ರೋಲರ್‌ನ ಲೈಸೆನ್ಸ್ ಮತ್ತು ರೇಟಿಂಗ್ (ಇಂಥ ಕೆಲಸ ಮಾಡಬಹುದು ಅನ್ನುವ ಅರ್ಹತೆ) ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಂತೆ ನಡೆಯುತ್ತದೆ, ನಿಮ್ಮ ದಾಖಲೆ ಅದಕ್ಕೆ ಹೊಂದುವಂತೆ ಇರಲಿ.

ಹೆಜ್ಜೆ 7: ರೇಟಿಂಗ್ ಸಿಕ್ಕಿದ ಮೇಲೆ

ವಿಮಾನ ಕಡಿಮೆ ಇರುವ ಕಡೆ ಕಲಿತದ್ದು ಬೇಗ ಮಾಸುತ್ತದೆ. ಬೆಂಗಳೂರಿನ ಕಂಟ್ರೋಲರ್‌ಗೆ ದಿನವೂ ಅಭ್ಯಾಸ ಆಗುವ ಕೆಲಸ ಇಲ್ಲಿಯವರಿಗೆ ವರ್ಷಕ್ಕೊಮ್ಮೆ ಬರಬಹುದು. ಮರುತರಬೇತಿಯ ಕಾಲವನ್ನು ಹವೆಗೆ ಹೊಂದಿಸಿ: ಸಿಡಿಲು ಮತ್ತು ಕರೆಂಟಿನ ಸನ್ನಿವೇಶ ಮಾರ್ಚ್‌ನಲ್ಲಿ, ಮಳೆ ಮತ್ತು ಕಡಿಮೆ ಮೋಡದ್ದು ಮೇ ತಿಂಗಳಲ್ಲಿ, ಮಂಜಿನದ್ದು ದೀಪಾವಳಿ ಹೊತ್ತಿಗೆ. ಪ್ರತಿಯೊಂದರಲ್ಲೂ ಕಂಟ್ರೋಲರ್ ಮತ್ತು ತಂತ್ರಜ್ಞರು ಒಟ್ಟಿಗೆ ಇರಲಿ, ಒಂದು ಸಲವಾದರೂ ಫೈರ್ ಸ್ಟೇಷನ್‌ನವರನ್ನೂ ಸೇರಿಸಿ.

ಮಳೆಗಾಲ ಮುಗಿದ ಮೇಲೆ ಯೋಜನೆಯನ್ನೇ ಕೂತು ನೋಡಿ. ಲಾಗ್‌ಬುಕ್ ತೆಗೆಯಿರಿ, ಈ ಸಲ ನಿಜವಾಗಿ ಏನೇನಾಯಿತು ಅಂತ ಪಟ್ಟಿ ಮಾಡಿ. ನಿಮ್ಮ ಸನ್ನಿವೇಶಗಳಲ್ಲಿ ಇಲ್ಲದ್ದು ಏನಾದರೂ ನಡೆದಿದ್ದರೆ ಅದನ್ನು ಸೇರಿಸಿ. ಹೊಸದಾಗಿ ರೇಟಿಂಗ್ ಪಡೆದವರನ್ನು ಕೇಳಿ: ಯಾವುದು ಕಲಿಸಿದ್ದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ? ಹೊಸ ಉಪಕರಣ ಬಂದರೆ, ಹೊಸ ವಿಮಾನ ಕಂಪನಿ ಬಂದರೆ, ರಾತ್ರಿ ಹಾರಾಟ ಶುರುವಾದರೆ, ಆ ಭಾಗದ ಮಟ್ಟಿಗೆ ಮೊದಲ ಹೆಜ್ಜೆಯ ಖಾಲಿ ಹಾಳೆ ಮತ್ತೆ ತೆಗೆಯಿರಿ. ಇಪ್ಪತ್ತು ವರ್ಷದ ಅನುಭವ ಇರುವವರೂ ಆ ಹೊಸ ಉಪಕರಣದ ಮುಂದೆ ಕಲಿಯುವವರೇ. ಅವರ ಹೆಸರಿನಲ್ಲೂ ಒಂದು ಫಾರ್ಮ್ ತುಂಬಿ, ಸಹಿ ಹಾಕಿಸಿಕೊಳ್ಳಿ.